ಡಿವಿಡಿ ಮಾಡುವ ಮುನ್ನ ಫ್ರೇಮ್ ರೇಟ್ ನೋಡಿ

(ನಮ್ಮೂರಿನ ಗ್ರಂಥಾಲಯದಲ್ಲಿ, ಮನೆ ಮತ್ತು ದೇವಸ್ಥಾನದ ಕಾರ್ಯಕ್ರಮಗಳ ವಿಡಿಯೋ ತೆಗೆಯುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿಡಿಯೋ ಮಿಕ್ಸಿಂಗ್ ಮಾಡುವವರ ಹತ್ತಿರ ಒಂದು ದೂರು ಮತ್ತೆ ಮತ್ತೆ ಬರುತ್ತದೆ. "ಫೋನಲ್ಲಿ ನೋಡಿದ್ರೆ ಚೆನ್ನಾಗಿದೆ ಸಾರ್, ಡಿವಿಡಿ ಮಾಡಿ ಟಿವಿಗೆ ಹಾಕಿದ್ರೆ ಎಳೆದಾಡುತ್ತೆ." ಇನ್ನೊಂದು ದೂರು ಇದಕ್ಕಿಂತ ಬೇಸರದ್ದು. "ಶುರುವಲ್ಲಿ ಸರಿ ಇರುತ್ತೆ. ಧಾರೆ ಹೊತ್ತಿಗೆ ಪುರೋಹಿತರ ಬಾಯಿ ಒಂದು ಕಡೆ, ಮಂತ್ರ ಇನ್ನೊಂದು ಕಡೆ."

ಇಂಥದ್ದಾದಾಗ ಜನ ಡಿಸ್ಕನ್ನು ಬೈಯುತ್ತಾರೆ. ಪ್ಲೇಯರಿನ ಲೆನ್ಸ್ ಒರೆಸುತ್ತಾರೆ. ಬಿಟ್‌ರೇಟ್ (ಸೆಕೆಂಡಿಗೆ ತುಂಬುವ ಡೇಟಾದ ಪ್ರಮಾಣ) ಜಾಸ್ತಿ ಮಾಡಿ ಇನ್ನೊಮ್ಮೆ ಬರ್ನ್ ಮಾಡುತ್ತಾರೆ. ಬಹಳ ಸಲ ಕಾರಣ ಇದ್ಯಾವುದೂ ಆಗಿರುವುದಿಲ್ಲ. ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ, ಅಂದರೆ ಫ್ರೇಮ್ ರೇಟ್, ಕನ್ವರ್ಟ್ ಆಗುವಾಗ ಕೆಟ್ಟಿರುತ್ತದೆ. ಇವತ್ತು ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಒಂದೇ ವಿಷಯ. ಡಿವಿಡಿಯಲ್ಲಿ ಪಾಲ್, ಎನ್‌ಟಿಎಸ್‌ಸಿ ಅಂತ ಟಿವಿ ಚಿತ್ರದ ಎರಡು ಪದ್ಧತಿಗಳಿವೆ. ಡಿವಿಡಿಯನ್ನು ಪಾಲ್ ಮಾಡಬೇಕಾ, ಎನ್‌ಟಿಎಸ್‌ಸಿ ಮಾಡಬೇಕಾ ಅಂತ ತೀರ್ಮಾನಿಸುವಾಗ ನಾವು ಯಾವ ದೇಶದಲ್ಲಿದ್ದೇವೆ ಅಂತ ನೋಡಬೇಡಿ. ಕೈಯಲ್ಲಿರುವ ಫೈಲ್ ನೋಡಿ.

ಮೊದಲು ಡಿವಿಡಿಯ ಕಟ್ಟುಪಾಡು ತಿಳಿದಿರಲಿ. ಎಂಪಿ4 ಫೈಲಿಗೆ ಸೆಕೆಂಡಿಗೆ 24, 25, 30, 60, ಯಾವ ರೇಟ್ ಇದ್ದರೂ ನಡೆಯುತ್ತದೆ. ಡಿವಿಡಿ ಹಾಗಲ್ಲ. ಅದು 1996ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದದ್ದು, ಆ ಕಾಲದ ಟಿವಿಗಾಗಿಯೇ ಮಾಡಿದ್ದು. ಹಾಗಾಗಿ ಅದಕ್ಕೆ ಗೊತ್ತಿರುವುದು ಎರಡೇ ದಾರಿ. ಒಂದು ಪಾಲ್: ಸೆಕೆಂಡಿಗೆ 25 ಫ್ರೇಮ್, 720 ಅಡ್ಡ 576 ಉದ್ದ. ಇನ್ನೊಂದು ಎನ್‌ಟಿಎಸ್‌ಸಿ: ಸೆಕೆಂಡಿಗೆ 29.97 ಫ್ರೇಮ್, 720 ಅಡ್ಡ 480 ಉದ್ದ. ನೀವು ಯಾವ ಫೈಲ್ ಕೊಟ್ಟರೂ ಸಾಫ್ಟ್‌ವೇರ್ ಅದನ್ನು ಈ ಎರಡರಲ್ಲಿ ಒಂದಕ್ಕೆ ಹೊಂದಿಸಲೇಬೇಕು. ಹೇಗೆ ಹೊಂದಿಸಿತು ಅನ್ನುವುದರಲ್ಲೇ ಎಲ್ಲ ಇರುವುದು.

25 ಎಲ್ಲಿಂದ ಬಂತು, ಆ ವಿಚಿತ್ರ 29.97 ಎಲ್ಲಿಂದ ಬಂತು? ಯುರೋಪಿನ ಕರೆಂಟ್ 50 ಹರ್ಟ್ಸ್, ನಮ್ಮದೂ 50. ಅದರ ಅರ್ಧ 25. ಅಮೆರಿಕದ ಕರೆಂಟ್ 60 ಹರ್ಟ್ಸ್, ಅದರ ಅರ್ಧ 30. ಕಪ್ಪು ಬಿಳುಪು ಟಿವಿಯ ಕಾಲದಲ್ಲಿ ಅಮೆರಿಕದಲ್ಲಿ ಸರಿಯಾಗಿ 30 ಇತ್ತು. 1953ರಲ್ಲಿ ಬಣ್ಣ ಸೇರಿಸಿದರು. ಬಣ್ಣದ ಸಿಗ್ನಲ್ಲೂ ಧ್ವನಿಯ ಸಿಗ್ನಲ್ಲೂ ಒಂದಕ್ಕೊಂದು ತಾಕಿ ಪರದೆಯ ಮೇಲೆ ಚುಕ್ಕಿ ಗೆರೆ ಕಾಣುವ ಅಪಾಯ ಇತ್ತು. ಅದನ್ನು ತಪ್ಪಿಸಲು ವೇಗವನ್ನು ಸಾವಿರದ ಒಂದರಲ್ಲಿ ಒಂದು ಪಾಲು ಇಳಿಸಿದರು. ಜನರ ಮನೆಯಲ್ಲಿದ್ದ ಹಳೆಯ ಟಿವಿಗಳೂ ನಡೆಯುತ್ತಿರಬೇಕಿತ್ತು, ಅದಕ್ಕೇ ಇಷ್ಟು ಸಣ್ಣ ಬದಲಾವಣೆ. 30 ಹೋಗಿ 29.97 ಆಯಿತು. ಭಾರತಕ್ಕೆ 1982ರಲ್ಲಿ ಬಣ್ಣದ ಟಿವಿ ಬಂದಾಗ ನಾವು ಆರಿಸಿಕೊಂಡದ್ದು ಪಾಲ್. ಸಿನಿಮಾದ್ದು ಬೇರೆಯೇ ಕಥೆ. ಮಾತಿನ ಚಿತ್ರಗಳು ಬಂದಮೇಲೆ ಅಲ್ಲಿ 24 ಗಟ್ಟಿಯಾಯಿತು, ಪ್ರಪಂಚದಾದ್ಯಂತ.

ಈಗ ನಮ್ಮ ಕಷ್ಟಕ್ಕೆ ಬರೋಣ. ಇವತ್ತು ನಮ್ಮೂರಲ್ಲಿ ತೆಗೆಯುವ ಹೆಚ್ಚಿನ ವಿಡಿಯೋ ಫೋನಿನದ್ದು. ಫೋನು ಸುಮ್ನೆ ಹಾಗೇ ಬಿಟ್ಟರೆ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ. ಅದನ್ನು ಕಂಪ್ಯೂಟರಿಗೆ ಹಾಕುತ್ತೇವೆ. ಡಿವಿಡಿ ಸಾಫ್ಟ್‌ವೇರ್ "ಪಾಲ್ ಅಥವಾ ಎನ್‌ಟಿಎಸ್‌ಸಿ?" ಅಂತ ಕೇಳುತ್ತದೆ. ನಾವು ಭಾರತದವರು, ಪಾಲ್ ಒತ್ತುತ್ತೇವೆ. ಅಲ್ಲೇ ಚಿತ್ರ ಕೆಡುವುದು.

30 ಇದ್ದದ್ದು 25 ಆಗಬೇಕಾದರೆ ಪ್ರತಿ ಸೆಕೆಂಡಿಗೆ ಐದು ಫ್ರೇಮ್ ಹೋಗಬೇಕು. ಅಂದರೆ ಆರರಲ್ಲಿ ಒಂದು. ಪ್ರತಿ ಆರನೇ ಮೆಟ್ಟಿಲು ಕಿತ್ತುಹೋದ ಏಣಿಯನ್ನು ಹತ್ತುವ ಹಾಗೆ ಕಣ್ಣಿಗೆ ಸೆಕೆಂಡಿಗೆ ಐದು ಸಲ ಧಡಕ್ ಅನ್ನುತ್ತದೆ. ಭಾಷಣ ಮಾಡುವವರು ಮೈಕಿನ ಮುಂದೆ ನಿಂತಿದ್ದರೆ ಇದು ಗೊತ್ತಾಗುವುದೇ ಇಲ್ಲ. ಆದರೆ ಯಕ್ಷಗಾನದಲ್ಲಿ ಪುಂಡುವೇಷ ದಿಗಿಣ (ಸುತ್ತುತ್ತಾ ಹಾರುವ ಕುಣಿತ) ಹಾಕುವಾಗ ನೋಡಿ. ತೇರು ಎಳೆಯುವಾಗ ಕ್ಯಾಮೆರಾವನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸಿರುತ್ತೀರಲ್ಲ, ಅದನ್ನು ನೋಡಿ. ಇಡೀ ರಥವೇ ತೊಡರಿ ತೊಡರಿ ಹೋದ ಹಾಗಿರುತ್ತದೆ.

ಕೆಲವು ಸಾಫ್ಟ್‌ವೇರ್‌ಗಳು ಫ್ರೇಮ್ ಬಿಸಾಡುವುದಿಲ್ಲ. ಅಕ್ಕಪಕ್ಕದ ಎರಡು ಫ್ರೇಮ್ ಕಲಸಿ ಒಂದು ಮಾಡುತ್ತವೆ, ಇದಕ್ಕೆ ಬ್ಲೆಂಡಿಂಗ್ ಅಂತಾರೆ. ಧಡಕ್ ಕಡಿಮೆಯಾಗುತ್ತದೆ ನಿಜ, ಆದರೆ ವೇಷಧಾರಿಯ ಒಂದು ಕಾಲು ಎರಡಾಗಿ, ಮಸುಕಾಗಿ ಕಾಣುತ್ತದೆ. ಇನ್ನೂ ಮುಂದುವರಿದವು ನಡುವಿನ ಚಿತ್ರವನ್ನು ತಾವೇ ಊಹಿಸಿ ಬರೆಯುತ್ತವೆ. ನಿಧಾನದ ಚಲನೆಗೆ ಇದು ಚೆನ್ನಾಗಿ ಬರುತ್ತದೆ. ಚೆಂಡೆಯ ಕೋಲಿನಂಥ ವೇಗದ ವಸ್ತು ಬಂದರೆ ಊಹೆ ತಪ್ಪುತ್ತದೆ. ಕೋಲು ಮಧ್ಯದಲ್ಲಿ ಮಾಯ ಆಗುತ್ತದೆ, ಬೆರಳು ಕರಗಿದ ಹಾಗೆ ಕಾಣುತ್ತದೆ. ಚೆಂಡೆಯವರು ವರ್ಷಗಟ್ಟಲೆ ಕಲಿತು ತಂದ ಕೈಚಳಕ ಅದು. ಅದನ್ನು ಹಾಗೆ ತೋರಿಸಲು ನನಗೆ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ದಾರಿ ಏನು? ಫೈಲ್ 30 ಇದ್ದರೆ ಎನ್‌ಟಿಎಸ್‌ಸಿ ಡಿಸ್ಕ್ ಮಾಡಿ. 30ರಿಂದ 29.97ಕ್ಕೆ ಹೋಗಲು ಸುಮಾರು 33 ಸೆಕೆಂಡಿಗೆ ಒಂದು ಫ್ರೇಮ್ ಬಿಟ್ಟರೆ ಸಾಕು. ಯಾರ ಕಣ್ಣಿಗೂ ಅದು ಬೀಳುವುದಿಲ್ಲ.

ಇಲ್ಲಿ ಸಭೆಯಿಂದ ಒಬ್ಬರು ಕೇಳಿದರು: "ಸಾರ್, ನಮ್ಮ ಮನೆ ಪ್ಲೇಯರ್‌ನಲ್ಲಿ ಎನ್‌ಟಿಎಸ್‌ಸಿ ಓಡುತ್ತಾ?" ಒಳ್ಳೆಯ ಪ್ರಶ್ನೆ. ಭಾರತದಲ್ಲಿ ಮಾರಾಟವಾದ ಡಿವಿಡಿ ಪ್ಲೇಯರ್‌ಗಳಲ್ಲಿ ಬಹುತೇಕ ಎಲ್ಲವೂ ಎರಡನ್ನೂ ಓದುತ್ತವೆ. ನಿಮ್ಮ ಮನೆಯಲ್ಲಿರುವ ಸಿನಿಮಾ ಡಿವಿಡಿಗಳ ಹಿಂಬದಿ ನೋಡಿ. ಎಷ್ಟೋ ಭಾರತೀಯ ಸಿನಿಮಾಗಳ ಡಿವಿಡಿ ಮೇಲೆ ಎನ್‌ಟಿಎಸ್‌ಸಿ ಅಂತಲೇ ಅಚ್ಚಾಗಿದೆ. ಅದು ಓಡಿದರೆ ನಿಮ್ಮದೂ ಓಡುತ್ತದೆ.

ಒಂದು ಎಚ್ಚರ ಮಾತ್ರ ಬೇಕು. ಪ್ಲೇಯರಿನ ಸೆಟಪ್ ಮೆನುವಿನಲ್ಲಿ ಟಿವಿ ಸಿಸ್ಟಂ ಅಂತ ಒಂದು ಆಯ್ಕೆ ಇರುತ್ತದೆ: ಪಾಲ್, ಎನ್‌ಟಿಎಸ್‌ಸಿ, ಆಟೋ. ಕೆಲವು ಕಂಪನಿಗಳು ಆಟೋ ಬದಲು ಮಲ್ಟಿ ಅಂತ ಬರೆದಿರುತ್ತವೆ. ಅದು ಪಾಲ್ ಮೇಲೆ ಕೂತಿದ್ದರೆ ಪ್ಲೇಯರೇ ಎನ್‌ಟಿಎಸ್‌ಸಿಯನ್ನು ಪಾಲ್‌ಗೆ ತಿರುಗಿಸಲು ಹೊರಡುತ್ತದೆ, ಮತ್ತೆ ಅದೇ ಎಳೆದಾಟ ಶುರುವಾಗುತ್ತದೆ. ನೀವು ಕಷ್ಟಪಟ್ಟು ಸರಿಯಾಗಿ ಮಾಡಿದ ಡಿಸ್ಕ್ ಅಲ್ಲಿ ಕೆಡುತ್ತದೆ. ಆಟೋಗೆ ಇಡಿ. ಪಾಲ್ ಮಾತ್ರ ಗೊತ್ತಿರುವ ತುಂಬ ಹಳೆಯ ಡಬ್ಬಿ ಟಿವಿಯಾದರೆ ಚಿತ್ರ ಕಪ್ಪು ಬಿಳುಪಾಗಿ ಬರಬಹುದು, ಅಥವಾ ಮೇಲೆ ಕೆಳಗೆ ಉರುಳಬಹುದು. ಅಂಥ ಮನೆಗೆ ಪಾಲ್ ಬಿಟ್ಟು ಬೇರೆ ದಾರಿ ಇಲ್ಲ.

ಎನ್‌ಟಿಎಸ್‌ಸಿ ಆರಿಸಿದರೆ 96 ಗೆರೆ ಕಳೆದುಕೊಳ್ಳುತ್ತೇವೆ ಅನ್ನುವುದೂ ನಿಜ. 576ರ ಬದಲು 480. ಚಿತ್ರ ಸ್ವಲ್ಪ ಮೆದುವಾಗುತ್ತದೆ. ಯಕ್ಷಗಾನ, ಭರತನಾಟ್ಯ, ಕಬಡ್ಡಿ, ತೇರು, ಇವಕ್ಕೆಲ್ಲ ಚಲನೆ ಮುಖ್ಯ. ಆ ಗೆರೆ ಹೋದರೂ ಪರವಾಗಿಲ್ಲ. ಹರಿಕಥೆ, ಪ್ರವಚನ, ಸನ್ಮಾನ ಸಮಾರಂಭಕ್ಕೆ ಪಾಲ್ ಮಾಡಿದರೂ ತಪ್ಪಿಲ್ಲ. ಅಲ್ಲಿ ಮುಖ ಸ್ಪಷ್ಟವಾಗಿ ಕಾಣುವುದೇ ಮುಖ್ಯ ಅಲ್ವಾ?

ಫೋನಿನಲ್ಲಿ 60 ಫ್ರೇಮ್ ಇಟ್ಟು ತೆಗೆದಿದ್ದರೆ ಇನ್ನೂ ಒಳ್ಳೆಯದು. ಇದು ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಡಿವಿಡಿಯ ಒಂದು ಫ್ರೇಮಿನಲ್ಲಿ ಎರಡು ಫೀಲ್ಡ್ ಇರಬಹುದು. ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸರಿ ಗೆರೆಗಳು. ಇದೇ ಇಂಟರ್‌ಲೇಸ್. ಎನ್‌ಟಿಎಸ್‌ಸಿಯಲ್ಲಿ ಸೆಕೆಂಡಿಗೆ 59.94 ಫೀಲ್ಡ್, ಪಾಲ್‌ನಲ್ಲಿ 50. ಪ್ರತಿ ಫೀಲ್ಡೂ ಬೇರೆ ಬೇರೆ ಕ್ಷಣದ್ದಾಗಿರಬಹುದು. 60 ಫ್ರೇಮಿನ ವಿಡಿಯೋವನ್ನು ಕೊಟ್ಟು, ಒಂದು ಫ್ರೇಮಿನಿಂದ ಒಂದು ಫೀಲ್ಡ್ ಅಂತ ತೆಗೆದುಕೊಂಡರೆ, ಅಷ್ಟೂ ಚಲನೆ ಡಿಸ್ಕಿಗೆ ಬರುತ್ತದೆ. ದಿಗಿಣ ಎಷ್ಟು ನುಣುಪಾಗಿ ಕಾಣುತ್ತದೆ ಅಂದರೆ, ಹಳೆಯ ಡಿವಿಡಿಯಲ್ಲಿ ಇದು ಸಾಧ್ಯವಾ ಅಂತ ನೋಡಿದವರು ಕೇಳುತ್ತಾರೆ. 50 ಫ್ರೇಮಿನ ಫೈಲ್ ಇದ್ದರೆ ಇದೇ ಕೆಲಸವನ್ನು ಪಾಲ್‌ನಲ್ಲಿ ಮಾಡಬಹುದು, ಗೆರೆಗಳೂ ಉಳಿಯುತ್ತವೆ. ಆದರೆ ಸಾಫ್ಟ್‌ವೇರ್‌ಗೆ ಇಂಟರ್‌ಲೇಸ್ ಮಾಡು ಅಂತ ಹೇಳಿಯೇ ಕೊಡಬೇಕು. ಹೇಳದಿದ್ದರೆ ಹೆಚ್ಚಿನವು ಅರ್ಧದಷ್ಟು ಫ್ರೇಮ್‌ಗಳನ್ನು ಬಿಸಾಡಿ ಕೈ ತೊಳೆದುಕೊಳ್ಳುತ್ತವೆ.

ಈಗ ಆ ಎರಡನೇ ದೂರು, ಬಾಯಿ ಮತ್ತು ಮಂತ್ರದ್ದು. ಇದಕ್ಕೆ ದೊಡ್ಡ ಕಾರಣ ಫೋನಿನ ಇನ್ನೊಂದು ಗುಣ. ಫೋನು 30 ಅಂತ ಹೇಳಿದರೂ ಸದಾ 30 ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ, ಫೋನು ಬಿಸಿಯಾದರೆ, ರೇಟ್ ಇಳಿಸುತ್ತದೆ. ಒಮ್ಮೆ 30, ಒಮ್ಮೆ 27, ಒಮ್ಮೆ 24. ಇದನ್ನು ವೇರಿಯಬಲ್ ಫ್ರೇಮ್ ರೇಟ್ ಅಂತಾರೆ. ಪ್ರತಿ ಫ್ರೇಮ್ ಯಾವ ಕ್ಷಣದ್ದು ಅಂತ ಫೈಲಿನೊಳಗೆ ಬರೆದಿರುತ್ತದೆ. ಫೋನು ಅದನ್ನು ಓದಿ ಸರಿಯಾಗಿ ತೋರಿಸುತ್ತದೆ. ಕೆಲವು ಸಾಫ್ಟ್‌ವೇರ್ ಅದನ್ನು ಓದುವುದೇ ಇಲ್ಲ, 30 ಅಂತ ಎಣಿಸಿಕೊಂಡು ಹೋಗುತ್ತವೆ. ಸರಾಸರಿ 29 ಇದ್ದದ್ದನ್ನು 30 ಅಂತ ಎಣಿಸಿದರೆ ಒಂದು ನಿಮಿಷದ ಚಿತ್ರ 58 ಸೆಕೆಂಡಿಗೆ ಮುಗಿಯುತ್ತದೆ. ಧ್ವನಿ ಮಾತ್ರ ಪೂರ್ತಿ ನಿಮಿಷ ಓಡುತ್ತದೆ. ಅರ್ಧ ಗಂಟೆಯಲ್ಲಿ ಒಂದು ನಿಮಿಷದ ಅಂತರ! ಧಾರೆಯ ಹೊತ್ತಿಗೆ ಮಂಟಪದೊಳಗೆ ಬೆಳಕು ಕಡಿಮೆ ಇರುತ್ತದೆ, ಹೋಮದ ಹೊಗೆ ಬೇರೆ. ಅಲ್ಲೇ ರೇಟ್ ಜಾಸ್ತಿ ಏರಿಳಿಯುವುದು.

ಇದಕ್ಕೆ ಮದ್ದು ಸುಲಭ. ಎಡಿಟಿಂಗಿಗೆ ಹಾಕುವ ಮುಂಚೆಯೇ ಫೈಲನ್ನು ಒಂದೇ ರೇಟಿಗೆ ತನ್ನಿ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಅನ್ನುವ ಆಯ್ಕೆ ಇದೆ. ಅದನ್ನು ಒತ್ತಿ, ಗುಣಮಟ್ಟ ಎತ್ತರಕ್ಕೆ ಇಟ್ಟು, ಹೊಸ ಫೈಲ್ ಮಾಡಿಕೊಳ್ಳಿ. ಹ್ಯಾಂಡ್‌ಬ್ರೇಕ್ ಡಿವಿಡಿ ಮಾಡುವುದಿಲ್ಲ, ಇದು ಮಧ್ಯದ ಹಂತ ಮಾತ್ರ. ಆಮೇಲೆ ಡಿವಿಡಿಸ್ಟೈಲರ್‌ನಂಥದ್ದರಲ್ಲಿ ಡಿಸ್ಕ್ ಮಾಡಿ. ಫೈಲಿನ ಒಳಗೆ ಏನಿದೆ ಅಂತ ನೋಡಲು ಮೀಡಿಯಾಇನ್ಫೋ ಅಂತ ಇನ್ನೊಂದು ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಫ್ರೇಮ್ ರೇಟ್ ಮೋಡ್ ಅನ್ನುವ ಸಾಲು ಓದಿ. ವೇರಿಯಬಲ್ ಅಂತಿದ್ದರೆ ಮೊದಲು ಈ ಕೆಲಸ.

ಧ್ವನಿ ತಪ್ಪಿದ ಎಲ್ಲ ವಿಡಿಯೋಗೂ ಇದೇ ಕಾರಣ ಅಂತಲ್ಲ. ಹಾಗಾಗಿ ಮೂರು ಜಾಗದಲ್ಲಿ ನೋಡಿ: ಶುರು, ನಡು, ಕೊನೆ. ಮೂರೂ ಕಡೆ ಅಂತರ ಒಂದೇ ಆಗಿದ್ದರೆ ಫ್ರೇಮ್ ರೇಟಿಗೆ ಸಂಬಂಧವಿಲ್ಲ, ಧ್ವನಿಯನ್ನು ಅಷ್ಟು ಹಿಂದೆ ಮುಂದೆ ಸರಿಸಿದರೆ ಮುಗಿಯಿತು. ಅಂತರ ಒಂದೇ ಸಮನೆ ಬೆಳೆಯುತ್ತಾ ಹೋದರೆ ರೇಟ್ ತಪ್ಪಾಗಿ ಎಣಿಸಿದ್ದಾರೆ. 29.97ನ್ನು 30 ಅಂತ ಓಡಿಸಿದರೆ ಒಂದು ಗಂಟೆಗೆ 3.6 ಸೆಕೆಂಡ್ ತಪ್ಪುತ್ತದೆ. ಈ ಅಂಕಿ ನೆನಪಿಟ್ಟುಕೊಳ್ಳಿ, ಬಹಳ ಕಡೆ ಇದೇ ಸಿಗುತ್ತದೆ. ಅಂತರ ಒಂದು ಕಡೆ ಹೆಚ್ಚಾಗಿ ಇನ್ನೊಂದು ಕಡೆ ಕಡಿಮೆಯಾದರೆ ಅದು ವೇರಿಯಬಲ್ ರೇಟಿನ ಕೆಲಸ.

ಈಗಿನ ಮದುವೆ ಫೋಟೋಗ್ರಾಫರುಗಳು ಸಿನಿಮಾ ಥರ ಬರಲಿ ಅಂತ 24ರಲ್ಲಿ ತೆಗೆಯುತ್ತಾರೆ. ಅದನ್ನು ಪಾಲ್ ಮಾಡುವ ಹಳೆಯ ಪದ್ಧತಿ ಅಂದರೆ 24ನ್ನೇ 25ರ ವೇಗದಲ್ಲಿ ಓಡಿಸಿಬಿಡುವುದು. ಪಾಲ್ ದೇಶಗಳ ಟಿವಿಯಲ್ಲಿ ಸಿನಿಮಾಗಳು ಬಂದದ್ದು ಹೆಚ್ಚಾಗಿ ಹೀಗೇ. ಎರಡು ಗಂಟೆಯ ಚಿತ್ರ ಸುಮಾರು 115 ನಿಮಿಷಕ್ಕೆ ಮುಗಿಯುತ್ತದೆ. ಚಿತ್ರದಲ್ಲಿ ಧಡಕ್ ಇಲ್ಲ, ಕಣ್ಣಿಗೆ ಹಿತ. ಆದರೆ ಕಿವಿ? ವೇಗ ಶೇಕಡಾ 4ರಷ್ಟು ಏರಿದರೆ ಶ್ರುತಿಯೂ ಏರುತ್ತದೆ. ಸುಮಾರು ಮುಕ್ಕಾಲು ಸ್ವರಸ್ಥಾನ. ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಮನೆ ಶ್ರುತಿಯಲ್ಲಿ ಹಾಡಿದ್ದು ಒಂದೂವರೆ ಮನೆಯ ಹತ್ತಿರ ಹೋಗಿ ನಿಲ್ಲುತ್ತದೆ. ಸಂಗೀತ ಗೊತ್ತಿರುವವರಿಗೆ ತಕ್ಷಣ ಗೊತ್ತಾಗುತ್ತದೆ. ಓಲಗ ನುಡಿಸಿದವರು ಕೇಳಿದರೆ ಇದು ನನ್ನ ಶ್ರುತಿ ಅಲ್ಲ ಅನ್ನುತ್ತಾರೆ. ಶ್ರುತಿ ಕೆಡದ ಹಾಗೆ ಧ್ವನಿಯ ವೇಗ ಮಾತ್ರ ಹೆಚ್ಚಿಸುವ ಉಪಾಯ ಸಾಫ್ಟ್‌ವೇರಿನಲ್ಲಿದೆ. ಆದರೂ ಲಯ ಅಷ್ಟು ಓಡಿಯೇ ಓಡುತ್ತದೆ.

ಸಂಗೀತ ಇರುವ 24ರ ಫೈಲಿಗೆ ನನ್ನ ಸಲಹೆ ಎನ್‌ಟಿಎಸ್‌ಸಿ. ಅಲ್ಲಿ ಪುಲ್‌ಡೌನ್ ಅನ್ನುವ ಏರ್ಪಾಡಿದೆ. ಮೊದಲ ಫ್ರೇಮಿಗೆ ಎರಡು ಫೀಲ್ಡ್, ಮುಂದಿನದಕ್ಕೆ ಮೂರು, ಮತ್ತೆ ಎರಡು, ಮತ್ತೆ ಮೂರು. ಹೀಗೆ ನಾಲ್ಕು ಫ್ರೇಮ್ ಹತ್ತು ಫೀಲ್ಡ್, ಅಂದರೆ ಐದು ಫ್ರೇಮ್ ಆಗುತ್ತದೆ; 24 ಇದ್ದದ್ದು 30ರ ಲೆಕ್ಕಕ್ಕೆ ಬರುತ್ತದೆ. ಡಿಸ್ಕಿನಲ್ಲಿ 24ಕ್ಕಿಂತ ಸಾವಿರದಲ್ಲೊಂದು ಪಾಲು ಕಡಿಮೆ, ಅಂದರೆ ಸೆಕೆಂಡಿಗೆ 23.976 ಫ್ರೇಮ್ ಮಾತ್ರ ಇಟ್ಟು, ಯಾವ ಫೀಲ್ಡನ್ನು ಎರಡನೇ ಸಲ ತೋರಿಸಬೇಕು ಅಂತ ಪ್ಲೇಯರಿಗೆ ಗುರುತು ಬರೆದರೆ ಸಾಕು. ಜಾಗವೂ ಉಳಿಯುತ್ತದೆ. ಶ್ರುತಿ ಬದಲಾಗುವುದು ಸಾವಿರದಲ್ಲೊಂದು ಪಾಲು, ಯಾರ ಕಿವಿಗೂ ಸಿಗದಷ್ಟು. ಕ್ಯಾಮೆರಾ ತಿರುಗುವಾಗ ಸ್ವಲ್ಪ ಕುಂಟು ಕಾಣಬಹುದು. ಅಮೆರಿಕದವರು ದಶಕಗಳ ಕಾಲ ಟಿವಿಯಲ್ಲಿ ಸಿನಿಮಾ ನೋಡಿದ್ದು ಹಾಗೇ.

ಹಳೆಯ ಕ್ಯಾಸೆಟ್ ಇಟ್ಟುಕೊಂಡು ಬಂದವರು ಇಲ್ಲಿ ಸುಮಾರು ಜನ ಇದ್ದೀರಿ. ಅದರ ಲೆಕ್ಕ ಸರಳ. ಇಲ್ಲಿ ತೆಗೆದ ವಿಎಚ್ಎಸ್ ಮತ್ತು ಮಿನಿ ಡಿವಿ ಸಾಮಾನ್ಯವಾಗಿ ಪಾಲ್, ಇಂಟರ್‌ಲೇಸ್, 25. ಅದನ್ನು ಪಾಲ್ ಡಿವಿಡಿಯೇ ಮಾಡಿ. ಕಂಪ್ಯೂಟರಿನಲ್ಲಿ ನೋಡುವಾಗ ಕೈ ಆಡಿಸಿದ ಕಡೆ ಅಂಚು ಗೆರೆಗೆರೆಯಾಗಿ ಕಾಣುತ್ತದೆ. ಹೆದರಿ ಡಿಇಂಟರ್‌ಲೇಸ್ (ಎರಡು ಫೀಲ್ಡನ್ನು ಒಂದೇ ಚಿತ್ರ ಮಾಡುವ ಆಯ್ಕೆ) ಒತ್ತಬೇಡಿ. ಒತ್ತಿದರೆ ಅರ್ಧ ಚಲನೆ ಹೋಯಿತು, ಮತ್ತೆ ಬರುವುದಿಲ್ಲ. ಟಿವಿಯಲ್ಲಿ ಆ ಗೆರೆ ತಾನಾಗಿ ಸರಿಹೋಗುತ್ತದೆ. ಅಮೆರಿಕದಿಂದ ಅಣ್ಣನೋ ಭಾವನೋ ತಂದುಕೊಟ್ಟ ಹ್ಯಾಂಡಿಕ್ಯಾಮ್ ಆಗಿದ್ದರೆ ಮಾತ್ರ ಅದು ಎನ್‌ಟಿಎಸ್‌ಸಿ. ಅದಕ್ಕೆ ಎನ್‌ಟಿಎಸ್‌ಸಿ ಡಿಸ್ಕ್.

ಇಂಟರ್‌ಲೇಸ್ ವಿಡಿಯೋದಲ್ಲಿ ಫೀಲ್ಡ್ ಆರ್ಡರ್ ಅಂತ ಒಂದಿದೆ, ಯಾವ ಫೀಲ್ಡ್ ಮೊದಲು ಅನ್ನುವುದು. ಮಿನಿ ಡಿವಿಯಲ್ಲಿ ಕೆಳಗಿನದು ಮೊದಲು. 1080 ಇಂಟರ್‌ಲೇಸ್ ತೆಗೆಯುವ ಹ್ಯಾಂಡಿಕ್ಯಾಮ್‌ಗಳಲ್ಲಿ ಮೇಲಿನದು ಮೊದಲು. ತಪ್ಪಾಗಿ ಗುರುತು ಹಾಕಿದರೆ ಚಲನೆ ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ನಿಂತದ್ದು ಚೆನ್ನಾಗಿದ್ದು, ಚಲಿಸಿದ್ದು ಮಾತ್ರ ನಡುಗಿದರೆ ಇದೇ ಕಾರಣ ಅಂತ ತಿಳಿಯಿರಿ. ಕಂಪ್ಯೂಟರಿನಲ್ಲಿ ಈ ತಪ್ಪು ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಮರುಬಳಕೆಯ ಡಿವಿಡಿ ಆರ್‌ಡಬ್ಲ್ಯೂ ಒಂದು ಇಟ್ಟುಕೊಂಡು, ಹೆಚ್ಚು ಓಡಾಟ ಇರುವ ಎರಡು ನಿಮಿಷ ಬರ್ನ್ ಮಾಡಿ, ನಿಜವಾದ ಪ್ಲೇಯರ್ ಮತ್ತು ಟಿವಿಯಲ್ಲಿ ನೋಡಿ. ಆಮೇಲೆ ಪೂರ್ತಿ ಮಾಡಿ.

ಒಬ್ಬ ತಾಯಿ ಕೇಳಿದರು: "ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ನಾಮಕರಣದ ಸಿಡಿ ಕಳಿಸಿದ್ರೆ ಅಲ್ಲಿ ಓಡಲಿಲ್ಲ ಅಂದ್ಲು." ಅಮ್ಮ, ಅದು ಪಾಲ್ ಡಿಸ್ಕ್ ಆಗಿರಬೇಕು. ಅಲ್ಲಿ ಮಾರುವ ಎಷ್ಟೋ ಪ್ಲೇಯರ್‌ಗಳು ಪಾಲ್ ತೋರಿಸುವುದಿಲ್ಲ. ರೀಜನ್ ಕೋಡ್, ಅಂದರೆ ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡಬೇಕು ಅನ್ನುವ ಗುರುತು, ಅಂತ ಬೇರೆ ಒಂದಿದೆ, ಅದು ಕಂಪನಿಗಳ ಸಿನಿಮಾ ಡಿಸ್ಕಿಗೆ, ಮನೆಯಲ್ಲಿ ಮಾಡಿದ್ದಕ್ಕೆ ಅದರ ತೊಂದರೆ ಇಲ್ಲ. ಮಗಳ ಹತ್ತಿರ ಡಿವಿಡಿ ಡ್ರೈವ್ ಇರುವ ಕಂಪ್ಯೂಟರ್ ಇದ್ದರೆ ಅದೇ ಡಿಸ್ಕ್ ಅದರಲ್ಲಿ ಓಡುತ್ತದೆ. ಇಲ್ಲದಿದ್ದರೆ ಮೂಲ ಫೈಲಿನಿಂದ ಎನ್‌ಟಿಎಸ್‌ಸಿ ಮಾಡಿಸಿ ಕಳಿಸಿ. ಡಿವಿಡಿಯಿಂದ ಡಿವಿಡಿ ಮಾಡಿಸಬೇಡಿ.

ಮುಂದೆ ತೆಗೆಯುವ ವಿಡಿಯೋಗೆ ಒಂದು ಮಾತು. ಪಾಲ್ ಡಿಸ್ಕೇ ಬೇಕು ಅಂತ ಮೊದಲೇ ಗೊತ್ತಿದ್ದರೆ 25 ಅಥವಾ 50ರಲ್ಲೇ ತೆಗೆಯಿರಿ. ಐಫೋನಿನಲ್ಲಿ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಪಾಲ್ ಫಾರ್ಮ್ಯಾಟ್ ತೋರಿಸು ಅನ್ನುವ ಆಯ್ಕೆ ಒತ್ತಿದರೆ 25 ಕಾಣಿಸುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. 25ಕ್ಕೆ 100 ಸರಿಯಾಗಿ ಕೂರುತ್ತದೆ, 30ಕ್ಕೆ ಕೂರುವುದಿಲ್ಲ. ಕಲ್ಯಾಣ ಮಂಟಪದ ವಿಡಿಯೋದಲ್ಲಿ ಬೆಳಕು ಪಟಪಟ ಅನ್ನುವುದು ಬಹಳ ಸಲ ಇದರಿಂದಲೇ. 30ರಲ್ಲೇ ತೆಗೆಯುವುದಾದರೆ ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಸಮಯ) ಐವತ್ತರಲ್ಲೊಂದು ಅಥವಾ ನೂರರಲ್ಲೊಂದು ಸೆಕೆಂಡಿಗೆ ಇಡಿ, ಮಿನುಗು ನಿಲ್ಲುತ್ತದೆ. ಎರಡು ಮೂರು ಕ್ಯಾಮೆರಾ ಇದ್ದರೆ, ಡ್ರೋನ್ ಸೇರಿ, ಎಲ್ಲವೂ ಒಂದೇ ರೇಟಿನಲ್ಲಿರಲಿ ಅಂತ ಮುಹೂರ್ತಕ್ಕೆ ಮುಂಚೆಯೇ ಮಾತಾಡಿಕೊಳ್ಳಿ. ಒಂದು ಡಿಸ್ಕಿನಲ್ಲಿ ಪಾಲ್, ಎನ್‌ಟಿಎಸ್‌ಸಿ ಎರಡನ್ನೂ ಬೆರೆಸಲು ಆಗುವುದಿಲ್ಲ.

"ಪೆನ್‌ಡ್ರೈವಿಗೆ ಹಾಕಿದ್ರೆ ಈ ಗೋಳೇ ಇಲ್ಲ ಅಲ್ವಾ?" ಅಂತ ಒಬ್ಬ ಹುಡುಗ ಕೇಳಿದ. ಹೌದು, ಬಹುಪಾಲು ಇಲ್ಲ. ಟಿವಿ ಆ ಫೈಲನ್ನು ಅದರದ್ದೇ ರೇಟಿನಲ್ಲಿ ತೋರಿಸುತ್ತದೆ. ಮನೆಯಲ್ಲಿ ಅಂಥ ಟಿವಿ ಇದ್ದರೆ ಅದನ್ನೇ ಮಾಡಿ. ಆದರೆ ಅಜ್ಜಿ ತಾತ ಇರುವ ಎಷ್ಟೋ ಮನೆಗಳಲ್ಲಿ ಡಿವಿಡಿ ಪ್ಲೇಯರೇ ಅಭ್ಯಾಸ. ಡಿಸ್ಕ್ ಹಾಕಿದರೆ ಮದುವೆ ಬರಬೇಕು, ಅಷ್ಟೇ ಅವರಿಗೆ ಬೇಕಾದ್ದು. ಅವರಿಗೆ ಕೆಟ್ಟ ಚಿತ್ರ ಕೊಟ್ಟು, ಡಿವಿಡಿ ಅಂದರೆ ಇಷ್ಟೇ ಅನ್ನುವುದು ಸರಿಯಲ್ಲ. ಸರಿಯಾಗಿ ಮಾಡಿದ ಡಿವಿಡಿ ಇವತ್ತಿಗೂ ನೋಡಲು ಚೆನ್ನಾಗಿರುತ್ತದೆ.

ಕೊನೆಯ ಪ್ರಶ್ನೆ: "ಮೂಲ ಫೈಲ್ ಹೋಗಿದೆ, ಕೆಟ್ಟ ಡಿವಿಡಿ ಮಾತ್ರ ಉಳಿದಿದೆ. ಏನಾದ್ರೂ ಮಾಡಬಹುದಾ?" ಯಾವ ಥರ ಕೆಟ್ಟಿದೆ ಅನ್ನುವುದರ ಮೇಲೆ ಹೋಗುತ್ತದೆ. ಬಿಸಾಡಿದ ಫ್ರೇಮ್ ವಾಪಸ್ ಬರುವುದಿಲ್ಲ. ಕಲಸಿದ ಫ್ರೇಮನ್ನು ಮತ್ತೆ ಬಿಡಿಸಿ ಮೊದಲಿನ ಹಾಗೆ ಮಾಡಲು ಆಗುವುದಿಲ್ಲ. ಧ್ವನಿ ಒಂದೇ ಸಮನೆ ಜಾರಿದ್ದರೆ ಅದನ್ನು ಎಳೆದು ಅಥವಾ ಕುಗ್ಗಿಸಿ ಕೂರಿಸಬಹುದು, ಚಿತ್ರ ಮುಟ್ಟುವ ಅಗತ್ಯವೇ ಇಲ್ಲ. ಏರಿಳಿದು ಜಾರಿದ್ದರೆ ತುಂಡು ತುಂಡಾಗಿ ಕೂರಿಸಬೇಕು. ಕಷ್ಟದ ಕೆಲಸ, ಆದರೂ ಆಗುತ್ತದೆ. ಫೀಲ್ಡ್ ಆರ್ಡರ್ ತಪ್ಪಿ ನಡುಗುತ್ತಿದ್ದರೆ ಅದು ಎಲ್ಲಕ್ಕಿಂತ ಸುಲಭ. ಡಿಸ್ಕಿನಿಂದ ವಿಡಿಯೋ ತೆಗೆದು, ಚಿತ್ರವನ್ನು ಹಾಗೇ ಬಿಟ್ಟು, ಆ ಗುರುತೊಂದನ್ನು ತಿದ್ದಿ ಮತ್ತೆ ಬರ್ನ್ ಮಾಡಿದರೆ ಸಾಮಾನ್ಯವಾಗಿ ನಡುಕ ನಿಲ್ಲುತ್ತದೆ. ಹಾಗಾಗಿ ನಡುಗುವ ಡಿಸ್ಕ್ ಯಾರ ಹತ್ತಿರ ಇದ್ದರೂ ಬಿಸಾಡಬೇಡಿ.